ಅಮ್ಮ ಹೇಳಿದ ಏಳು ಗಂಟೆ

೧೪ ಮಾರ್ಚ್, ಗುರುವಾರ

ಮಧ್ಯಾಹ್ನದಿಂದ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಅಮ್ಮನಿಗೆ ಎದೆನೋವೆಂದು, ಅವಳು ನೆಲ ಒರೆಸುವ ಆಸ್ಪತ್ರೆಯಲ್ಲೇ ತೋರಿಸಿದೆ. "ಎಷ್ಟು ಗಂಟೆ ನಿದ್ದೆ ಮಾಡ್ತೀರಮ್ಮ?" ಎಂದರು ಡಾಕ್ಟರು. ಬಾಗಿಲಲ್ಲಿ ಅವಳ ಸೂಪರ್‌ವೈಸರ್ ನಿಂತಿದ್ದ.

"ಏಳು ಗಂಟೆ ಸಾರ್, ಚೆನ್ನಾಗಿ ಬರುತ್ತೆ."

ಎರಡು ಪಾಳಿ ದುಡಿಯುವವಳಿಗೆ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು! ಡಾಕ್ಟರು ನಂಬಿ, ಉಪ್ಪು ಕಡಿಮೆ ಮಾಡಿ ಎಂದು ಬರೆದುಕೊಟ್ಟರು. ಉಪ್ಪಂತೆ!

ಹೊರಗೆ ಬಂದು ರೇಗಿದೆ. "ಯಾಕಮ್ಮ ಸುಳ್ಳು ಹೇಳಿದೆ?"

"ಸುಮ್ನಿರೇ. ಕೈಲಾಗಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾನೆ."

ಸಿಟ್ಟು ಅವಳ ಮೇಲಲ್ಲ. ನಿದ್ದೆಯಿಲ್ಲ ಎಂದು ಡಾಕ್ಟರಿಗೂ ಹೇಳದ ಹಾಗೆ ಹೆದರಿಸಿಟ್ಟಿದ್ದಾರಲ್ಲ, ಅವರ ಮೇಲೆ.

ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ನಾಲ್ಕಕ್ಕೆ ಎಬ್ಬಿಸು ಎಂದಿದ್ದಾಳೆ. ಈಗಲೇ ಹನ್ನೆರಡೂವರೆ. ಇಡಬಾರದು, ಇಡಲೇಬಾರದು ಎಂದುಕೊಳ್ಳುತ್ತಲೇ ಅಲಾರಂ ಇಟ್ಟೆ.