ಮೂರು ಗೆರೆ ಕೆಳಗೆ

೨-೨-೧೯೬೪, ಭಾನುವಾರ
ಬೆಳಿಗ್ಗೆ ಒಂದು ಮಂಕರಿ ರೇಷ್ಮೆ ಗೂಡು ಬೇಯಿಸಿದ್ದಾಯಿತು. ನೂಲು ತೆಗೆಯುವಾಗ ಕಿರಿಸೊಸೆ ಅಮ್ಮಾಜಮ್ಮ ಇವತ್ತೂ ಎಳೆ ಕಡಿದಳು. ಬೈದೆ. ಅವಳಿಗೂ ಅಭ್ಯಾಸ, ನನಗೂ.

ಮೊಮ್ಮಗಳು ಶ್ಯಾಮಲ ಬೆಂಗಳೂರಿಂದ ಬಂದಿದ್ದಾಳೆ. ಕಾಲೇಜಿನಲ್ಲಿ ಸೈಕಾಲಜಿ ಲೆಕ್ಚರರ್. ಮನಸ್ಸಿನ ಶಾಸ್ತ್ರವಂತೆ. ಬಿ.ಎಸ್ಸಿ. ಹುಡುಗರಿಗೆ ಸೈನ್ಸ್ ಹೇಗೆ ಹೇಳಿಕೊಟ್ಟರೆ ತಲೆಗೆ ಹೋಗುತ್ತದೆ ಎಂದು ರಿಸರ್ಚ್ ಮಾಡುತ್ತಾಳೆ. ಇವತ್ತು ನನ್ನ ಮೇಲೆ ಮಾಡಿದಳು.

ಗಾಜಿನ ಕಡ್ಡಿ, ಥರ್ಮಾಮೀಟರ್, ಡಿಗ್ರಿಗೊಂದು ಗೆರೆ. ನೂರರ ಗೆರೆಗೆ ಕೆಂಪು ರೇಷ್ಮೆ ದಾರ ಕಟ್ಟಿ, ಗೂಡು ಬೇಯಿಸುವ ಬಾಣಲೆಗೆ ಇಳಿಬಿಟ್ಟಳು.

"ನೋಡಜ್ಜಿ, ನೀರು ಕುದಿಯೋಕೆ ಶುರುವಾದ್ಮೇಲೆ ಎಷ್ಟು ಸೌದೆ ತುರುಕಿದ್ರೂ ಬಿಸಿ ಏರಲ್ಲ. ನೂರಕ್ಕೆ ನಿಂತ್ಬಿಡುತ್ತೆ, ಈ ದಾರದ ಹತ್ರ. ಕಾಣ್ತಾ? ಅರ್ಥವಾಯ್ತಾ?"

ಹೊಗೆಯಲ್ಲಿ ಗೆರೆಯೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ನಲವತ್ತು ವರ್ಷ ಈ ಒಲೆ ಮುಂದೆ ಕೂತವಳು ನಾನು. ಸೌದೆ ಹಾಕಿದರೆ ಬಿಸಿ ಏರದೆ ಇರುತ್ತದೆಯೇ? ಆದರೆ ಅವಳ ಮುಖ... ಮೂರು ವರ್ಷದವಳಿದ್ದಾಗ ಮಣ್ಣಿನ ರೊಟ್ಟಿ ತಟ್ಟಿ "ತಿನ್ನಜ್ಜಿ" ಎಂದ ಮುಖವೇ.

"ಹೂಂ, ಆಯ್ತು ಕಣಮ್ಮ" ಎಂದೆ. ಪಕ್ಕದಲ್ಲಿದ್ದ ಅಮ್ಮಾಜಮ್ಮನೂ ಹೂಂ ಎಂದಳು.

೭-೨
ಶ್ಯಾಮಲಳ ಕಾಗದ. ಹದಿನೇಳಕ್ಕೆ ಮೈಸೂರಿನಲ್ಲಿ ಪ್ರೊಫೆಸರುಗಳ ಮುಂದೆ ಲೇಖನ ಓದುತ್ತಾಳೆ. ಅವರು ಒಪ್ಪಿದರೆ ಡಾಕ್ಟರೇಟು ಸಿಕ್ಕ ಹಾಗೇ. ಮೊದಲ ಪುಟದಲ್ಲೇ ನಾನಂತೆ! ಮೂರನೇ ಕ್ಲಾಸು ಓದಿದ ನಮ್ಮಜ್ಜಿಗೂ ಅರ್ಥವಾಯಿತು, ಈ ವಿಧಾನ ಗೆದ್ದಿದೆ — ಎಂದು.

ನಿಜ ಬರೆಯೋಣವೆಂದು ಕಾರ್ಡು ತೆಗೆದೆ, ಹಾಗೇ ಒಳಗಿಟ್ಟೆ.

೧೦-೨
ಅಮ್ಮಾಜಮ್ಮನಿಗೆ ನಗು. "ಕುದಿಯೋ ನೀರಿಗೆ ಇನ್ನೂ ಯಾಕತ್ತೆ ಸೌದೆ? ಶ್ಯಾಮಲ ಹೇಳಿರಲಿಲ್ವಾ?"

"ಓಹೋ, ನಿನಗೆ ಅರ್ಥವಾಗಿತ್ತೇನಮ್ಮ, ಪ್ರೊಫೆಸರಮ್ಮ?"

"ನಂಗೆಲ್ಲಿ? ನೀವು ಹೂಂ ಅಂದ್ರಲ್ಲ, ನಾನೂ ಅಂದೆ."

೧೬-೨, ಭಾನುವಾರ
ಶ್ಯಾಮಲ ನಿನ್ನೆ ಬಂದಿದ್ದಳು, ನನ್ನ ಕಾಲಿಗೆ ಬಿದ್ದು ಹೋಗಲು. ಬೆಳಿಗ್ಗೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಬಸ್ಸು ಬಂದು ನಿಂತ ಮೇಲೆ ಬಾಯಿ ಬಂತು.

"ಸುಳ್ಳು ಹೇಳ್ದೆ ಕಣೇ. ನಂಗೇನೂ ಕಾಣಲಿಲ್ಲ. ನಂಬಿಕೇನೂ ಬರಲಿಲ್ಲ."

ಮುಖ ಇಳಿದುಹೋಯಿತು. ಟೈಪು ಮಾಡಿಸಿದ ಹಾಳೆಗಳನ್ನು ಎದೆಗೆ ಒತ್ತಿಕೊಂಡಳು.

"ಮತ್ತೆ ಯಾಕಜ್ಜಿ ಹೂಂ ಅಂದೆ?"

"ನಿನ್ನ ಮುಖ ನೋಡಿ."

ಹಾಳೆಗಳ ಕಡೆ ನೋಡಿ, ಮೆಲ್ಲಗೆ, "ನನ್ನ ಕ್ಲಾಸಲ್ಲಿ ಅರವತ್ತು ಹುಡುಗ್ರು. ಅವರೂ ಹಂಗೇ ಅಂದಿರ್ತಾರೆ ಅಲ್ವಾ... ನಾನೂ ಅವತ್ತು ನಿನ್ನ ಮುಖಾನೇ ನೋಡ್ತಿದ್ದೆ. ಕಡ್ಡಿ ನೋಡ್ಲೇ ಇಲ್ಲ."

ಕಂಡಕ್ಟರ್ ಸೀಟಿ ಊದಿದ. ಹತ್ತಿದಳು. ಕೈ ಬೀಸಲಿಲ್ಲ.

೨೭-೨
ಕಾಗದವಿಲ್ಲ. ಊರಿಗೆಲ್ಲ ಉದ್ದ ಈ ನಾಲಿಗೆ, ಬೇಕಾದಾಗ ಎರಡು ವಾರ ಬಾಯೊಳಗೇ ಇತ್ತು. ಇವತ್ತು ಅಮ್ಮಾಜಮ್ಮನನ್ನೂ ಬೈಯಲಿಲ್ಲ. "ಮೈ ಸರಿಯಿಲ್ವಾ ಅತ್ತೆ?" ಎಂದು ಹಣೆ ಮುಟ್ಟಿ ನೋಡಿದಳು, ಪಾಪ.

೮-೩, ಭಾನುವಾರ
ನಿನ್ನೆ ಪಾರ್ಸೆಲ್ ಬಂತು! ಮೊದಲ ಪುಟ ಹರಿದುಹಾಕಿ, ಬಸ್ಸಿನಲ್ಲೇ ಬೇರೆ ಬರೆದು ಓದಿದಳಂತೆ — ನಮ್ಮಜ್ಜಿಗೆ ಅರ್ಥವಾಗಿರಲಿಲ್ಲ, ನನ್ನ ಮೇಲಿನ ಅಕ್ಕರೆಗೆ ಹೂಂ ಎಂದರು, ಎಂದು. ಕೆಲವರು ನಕ್ಕರಂತೆ. ಹಿರಿಯರೊಬ್ಬರು ನಗಲಿಲ್ಲವಂತೆ. ಇನ್ನೊಂದು ವರ್ಷ ತೆಗೆದುಕೋ, ಅರವತ್ತು ಜನರನ್ನೂ ಮತ್ತೆ ಕೇಳು, ಈಗ ನಿನ್ನ ಕೆಲಸ ಶುರುವಾಗಿದೆ ಎಂದರಂತೆ.

ಒಂದು ವರ್ಷ ಹೋಯಿತು ನನ್ನಿಂದ. ಅವಳು ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದಾಳೆ.

ಹತ್ತಿಯಲ್ಲಿ ಸುತ್ತಿದ ಗಾಜಿನ ಕಡ್ಡಿ, ದಾರದ ಸಮೇತ. ಚೀಟಿಯಲ್ಲಿ: "ಈ ಸಲ ನನ್ನ ಮುಖ ಇರಲ್ಲ. ನೀನೇ ನೋಡಜ್ಜಿ."

೯-೩, ಸೋಮವಾರ
ಒಣಗಿದ ಹಿಪ್ಪುನೇರಳೆ ಕಡ್ಡಿಗಳನ್ನೇ ಒಟ್ಟಿದೆ, ಹೊಗೆಯಿಲ್ಲ. ಕನ್ನಡಕ ಹಾಕಿಕೊಂಡೆ. ನೀರು ಕುದಿಯಿತು. ಪಾದರಸ ಏರಿತು, ನಿಂತಿತು. ಒಂದು ಸೌದೆ ಹಾಕಿದೆ. ಅಲ್ಲೇ. ಇನ್ನೊಂದು. ಅಲ್ಲೇ! ನಲವತ್ತು ವರ್ಷ ಸುಟ್ಟ ಸೌದೆಯೆಲ್ಲ ನೆನಪಾಯಿತು.

ಆದರೆ ದಾರ ಮುಟ್ಟಲಿಲ್ಲ. ಮೂರು ಗೆರೆ ಕೆಳಗೆ ನಿಂತಿದೆ. ದಾರ ಜಾರಿದೆಯೇ ಎಂದು ನೋಡಿದೆ. ಇಲ್ಲ, ನೂರರ ಮೇಲೇ ಬಿಗಿಯಾಗಿದೆ.

"ಹತ್ರ ಹತ್ರ ಐತಲ್ಲ ಅತ್ತೆ. ಸರಿಹೋಯ್ತು ಅಂತ ಬರೆದುಬಿಡಿ" ಎಂದಳು ಅಮ್ಮಾಜಮ್ಮ.

"ಒಂದ್ಸಲ ಅಂದಿದ್ದೇ ಸಾಕು, ಸುಮ್ನಿರೇ."

ಕಾರ್ಡು ತೆಗೆದು ಬರೆದೆ — ಶ್ಯಾಮಲಾ, ನಿಂತಿದ್ದು ನಿಜ. ಮೂರು ಗೆರೆ ಕೆಳಗೆ ಯಾಕೆ ನಿಂತಿತು? ನಮ್ಮ ಈ ಎತ್ತರದ ಸೀಮೆಗೆ ಬೇರೆ ಲೆಕ್ಕವೇ? ನನಗೆ ಅರ್ಥವಾಗಲಿಲ್ಲ.

ಅಮ್ಮಾಜಮ್ಮ ಒಲೆ ಹತ್ತಿರದಿಂದ ಕೂಗುತ್ತಿದ್ದಾಳೆ. ಅವಳೂ ನೋಡಬೇಕಂತೆ. ಹೋಗಿ ಕನ್ನಡಕ ಕೊಟ್ಟು ಬರುತ್ತೇನೆ.