ನಮ್ಮ ಮನೆಯ ಬಿಲ

ಮರಳಿನ ಶಕ ನಾನೂರ ಹನ್ನೆರಡು, ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ.
ತುಂಗಭದ್ರೆ ಹರಿಯುತ್ತಿತ್ತೆಂದು ಹೇಳುವ ತಗ್ಗಿನಿಂದ.

ನೀರಿನ ಕಾಲದ ಹಿರಿಯರಿಗೆ, ಗಾಳೆಮ್ಮ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನೀವು ಕುಡಿಯುವ ನೀರಿನಲ್ಲೇ ಕಾಲು ತೊಳೆಯುತ್ತಿದ್ದಿರಂತೆ. ನಮ್ಮಲ್ಲಿ ಅದನ್ನು ನಂಬುವವರು ಕಡಿಮೆ. ಮಳೆಯ ಮಾತುಗಳೆಲ್ಲ ನಮಗೆ ಮರೆತುಹೋಗಿ, ನೆಲದ ಕೆಳಗಿನವರಿಗೆ ಹೊಸ ಹೆಸರು ಬಂದಿದೆ. ಗೆದ್ದಲು, ಇರುವೆ, ಸಗಣಿಹುಳ, ನೀವು ಕಾಲಲ್ಲಿ ಹೊಸಕಿದ ಇವರೆಲ್ಲ ನಮಗೆ ಮಗುಚಿಗರು, ಮಣ್ಣು ಮಗುಚಿ ಹಾಕುವವರು.

ಇಲ್ಲಿ ನೆಲದ ಮೇಲೆ ಏನೂ ಕೊಳೆಯುವುದಿಲ್ಲ. ನನ್ನ ಅಜ್ಜಿ ಹುಟ್ಟುವ ಮೊದಲೇ ಉದುರಿದ ಜಾಲಿಯ ಕಡ್ಡಿಗಳು ಇನ್ನೂ ಹಾಗೆಯೇ ಬಿದ್ದಿವೆ. ಕೊಳೆತರೆ ಬಿಲದ ತೇವದಲ್ಲೇ ಕೊಳೆಯಬೇಕು. ಮಗುಚಿಗರು ಕಸಕಡ್ಡಿಯನ್ನು ಒಳಗೆಳೆದು, ತಿಂದು ಅರಗಿಸಿ, ಕೆಳಗಿನ ಹಸಿ ಮಣ್ಣಿನೊಂದಿಗೆ ಮೇಲೆ ತಂದು ಹಾಕುತ್ತಾರೆ. ಆ ಗುಡ್ಡೆಯ ಸುತ್ತ ಮಾತ್ರ ಸೊಪ್ಪು ಹುಟ್ಟುತ್ತದೆ. ಅದಕ್ಕೇ ನಾವು ಸತ್ತವರನ್ನು ಸುಡುವುದೂ ಇಲ್ಲ, ಹೂಳುವುದೂ ಇಲ್ಲ. ಮನೆಯ ಬಿಲದ ಬಾಯಿಗೆ ತಲೆಯಿಟ್ಟು ಮಲಗಿಸಿ, ಹಿಂತಿರುಗಿ ನೋಡದೆ ಬರುತ್ತೇವೆ. ಇದಕ್ಕೆ ಇಳಿಸುವುದು ಎನ್ನುತ್ತಾರೆ. ಆಮೇಲೆ ಚಿಗುರಿದ ಸೊಪ್ಪಿನ ಮೊದಲ ಹಿಡಿ ಮನೆಯ ಚಿಕ್ಕ ಕೂಸಿಗೆ. ನನ್ನನ್ನು ಅಜ್ಜ ಸಾಕಿದ್ದು ಹಾಗೆಯೇ, ಸತ್ತ ಮೇಲೆ.

ಹೋದ ವರ್ಷ ನನ್ನ ತಮ್ಮ ಹುಲುಗಪ್ಪ ತೀರಿಕೊಂಡ. ಆ ಮುಖವನ್ನು ಹುಳಗಳಿಗೆ ಬಿಡಲು ಅವನ ಹೆಂಡತಿ ನೀಲಗಂಗಿಗೆ ಮನಸ್ಸು ಬರಲಿಲ್ಲ. ನಾವೆಲ್ಲ ಅವನನ್ನು ಇಳಿಸಿ ಬಂದ ಮೇಲೆ ಅವಳೊಬ್ಬಳು ಹಿಂದುಳಿದು, ಬಿಲದ ಬಾಯಿಗಳಿಗೆಲ್ಲ ಸುಣ್ಣದ ಗಾರೆ ಮೆತ್ತಿಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ನನ್ನ ಬೆನ್ನಿಗೆ ಬಿದ್ದವನು, ಗಾರೆ ಒಡೆಯಲು ನನಗೂ ಮನಸ್ಸಾಗಲಿಲ್ಲ. ತಮ್ಮ ಹಾಗೇ ಉಳಿದ. ಮೀಸೆ ಕೂಡ ಉದುರಲಿಲ್ಲ. ಅವಳು ದಿನವೂ ಹೋಗಿ ಅವನ ತಲೆ ಬಾಚಿ ಬರುತ್ತಿದ್ದಳು. ಇತ್ತ ಸೊಪ್ಪು ಒಣಗಿತು, ಅವರ ಮಗಳು ಕಾಶವ್ವನ ಕೈಕಾಲು ಕಡ್ಡಿಯಾದವು. ಕೂಸು ಅಳುವುದನ್ನೂ ಬಿಟ್ಟಿತು.

ಆಗ ನೀಲಗಂಗಿ ತಾನೇ ಗಾರೆ ಒಡೆದಳು. ಒಳಗೆ ಮಗುಚಿಗರ ಸದ್ದೇ ಇರಲಿಲ್ಲ. ಅಂದಿನಿಂದ ನೆಲಕ್ಕೆ ಕಿವಿಯಿಟ್ಟು ಕೂತಿದ್ದಳು. ಈ ಬೆಳಿಗ್ಗೆ ನೋಡಿದರೆ ತಮ್ಮನ ಕಿವಿಯ ಪಕ್ಕ ಒಂದು ಚಿಟಿಕೆ ಹಸಿ ಮಣ್ಣು, ಕಿವಿಯ ಅಂಚು ಇಲ್ಲ. ಅವಳು ನೋಡದಿರಲೆಂದು ಕಣ್ಣಿಗೆ ಕೈ ಅಡ್ಡ ಹಿಡಿದೆ. ನನ್ನ ಕೈ ಸರಿಸಿದಳು. "ಉಣ್ಲಿ ಬಿಡಕ್ಕಾ. ಕೂಸು ಹಸ್ಕೊಂಡೈತಿ."

ಈ ಕಾಗದವನ್ನೂ ಅದೇ ಬಿಲಕ್ಕೆ ಇಳಿಸುತ್ತಿದ್ದೇನೆ. ಕೆಳಗೆ ಹೋದದ್ದು ಎಲ್ಲಿ, ಯಾವ ಕಾಲದಲ್ಲಿ ಮೇಲೇಳುತ್ತದೋ ನಮಗೆ ತಿಳಿಯದು. ನಿಮ್ಮ ಹಿತ್ತಲಲ್ಲಿ ಬೆಳಗಾಗುವಷ್ಟರಲ್ಲಿ ಹಸಿ ಮಣ್ಣು ಎದ್ದಿದ್ದರೆ ಕಾಲಿನಿಂದ ಒತ್ತಬೇಡಿ, ಔಷಧಿ ಸುರಿಯಬೇಡಿ. ಅದರಲ್ಲಿ ನಮ್ಮ ಹುಲುಗಪ್ಪನೂ ಇರಬಹುದು.