ನೀವು ಕೇಳಿದ್ದ ಗೆದ್ದವರ ಪಟ್ಟಿ

ಕೋಬೆ
೧೮ ಡಿಸೆಂಬರ್ ೧೯೩೨, ಭಾನುವಾರ, ಬೆಳಗಿನ ಪಾತ್ರೆ ತೊಳೆದಿಟ್ಟ ಮೇಲೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಎಡಗಡೆಯ ದವಡೆಹಲ್ಲು ಇನ್ನೂ ಸತಾಯಿಸುತ್ತಿದೆಯೋ, ಅಥವಾ ಕಡೆಗೂ ಆ ಅಡುಗೆಯವನ ಕೈಯಲ್ಲೇ ಕೀಳಿಸಿಕೊಂಡಿರೋ? ಅವನು ಇಕ್ಕಳ ಹಿಡಿದುಕೊಂಡು ಹವಾಮಾನ ಠಾಣೆಯ ಸುತ್ತ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಾನೆಂದು ಜೂನ್ ತಿಂಗಳ ಕಾಗದದಲ್ಲಿ ಬರೆದಿದ್ದಿರಿ. ಆವತ್ತಿನಿಂದ ನನಗೆ ಅದೇ ಯೋಚನೆ. ನನಗೆ ಯೋಚನೆ ಮಾಡಲು ನೆಪ ಬೇಕೇ ಎಂದು ನಗುತ್ತೀರಿ, ನಗಿ. ಈ ಕಾಗದದ ಜೊತೆ ಉಪ್ಪು ಹಾಕಿದ ಪ್ಲಮ್ ಹಣ್ಣಿನ ಜಾಡಿ ಬರುತ್ತಿದೆ, ಎರಡು ಜೊತೆ ಉಣ್ಣೆಯ ಕಾಲುಚೀಲವೂ ಬರುತ್ತಿದೆ. ಕಾಲುಚೀಲ ಹೆಣೆದದ್ದು ಅತ್ತೆಯವರು. ನಿಮ್ಮ ದ್ವೀಪದಲ್ಲಿ ವರ್ಷವಿಡೀ ಸೆಖೆ ಎಂದು ಎಷ್ಟು ಹೇಳಿದರೂ, "ಸಮುದ್ರದ ಗಾಳಿ ಎಲ್ಲಾ ಕಡೆ ಒಂದೇ, ನೀನು ಕಾಲೇಜು ಓದಿದ್ರೆ ಗಾಳಿ ಬದಲಾಗುತ್ತಾ?" ಎಂದರು. ಹಾಕಿಕೊಳ್ಳದಿದ್ದರೂ ಹಾಕಿಕೊಂಡೆ ಎಂದೇ ಬರೆಯಿರಿ.

ಹಡಗು ಬುಧವಾರ ಹೊರಡುತ್ತದೆ. ಅದು ತಪ್ಪಿದರೆ ಇನ್ನು ಏಪ್ರಿಲ್. ಹಾಗಾಗಿ ಮಗು ನಾಮಿ ಮಲಗಿರುವಷ್ಟು ಹೊತ್ತಿನಲ್ಲಿ ನೀವು ಕೇಳಿದ್ದೆಲ್ಲ ಬರೆದು ಮುಗಿಸಬೇಕು. ನಿದ್ದೆ ಕಡಿಮೆಯಾಗಿ ಅಕ್ಷರ ಸೊಟ್ಟಗಾದರೆ ಬೇಜಾರು ಮಾಡಿಕೊಳ್ಳಬೇಡಿ.

ಪಟ್ಟಿಗೆ ಮೊದಲು ನಾಮಿಯ ವಿಷಯ. ಜೂನ್‌ನಲ್ಲಿ ನಾನು "ಇನ್ನೂ ನಡೆಯುತ್ತಿಲ್ಲ, ಸೋಮಾರಿ" ಎಂದು ತಮಾಷೆಯಾಗಿ ಬರೆದಿದ್ದೆನಲ್ಲ. ಅಕ್ಟೋಬರ್‌ನಲ್ಲಿ ನಡೆದಳು. ಚಾಪೆಯ ಈ ತುದಿಯಿಂದ ಆ ತುದಿಗೆ ಐದು ಹೆಜ್ಜೆ. ಅತ್ತೆಯವರು ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಬಲಗಾಲು ಊರಿದಾಗಲೆಲ್ಲ ಸೊಂಟ ಬಾತುಕೋಳಿಯ ಹಾಗೆ ಒಂದು ಪಕ್ಕಕ್ಕೆ ಜಗ್ಗುತ್ತಿತ್ತು. ಆಸ್ಪತ್ರೆಗೆ ತೋರಿಸಿದೆ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಕೂತಿಲ್ಲವಂತೆ. ಹುಟ್ಟಿನಿಂದಲೇ ಹಾಗಿರಬೇಕು ಎಂದರು ಡಾಕ್ಟರು. ನೋವಿಲ್ಲ, ಅದಕ್ಕೇ ನಮಗೆ ತಿಳಿಯಲಿಲ್ಲ. ಔಷಧ ಮೂಸಿಸಿ ಎಚ್ಚರ ತಪ್ಪಿಸಿ, ಮೂಳೆಯನ್ನು ಜಾಗಕ್ಕೆ ಕೂರಿಸಿ, ಎರಡೂ ಕಾಲನ್ನು ಕಪ್ಪೆಯ ಹಾಗೆ ಅಗಲಿಸಿ ಎಂಟು ತಿಂಗಳು ಸುಣ್ಣದ ಪಟ್ಟಿ ಕಟ್ಟಬೇಕಂತೆ. ಹತ್ತು ಮಕ್ಕಳಲ್ಲಿ ಏಳು ಮಕ್ಕಳು ನೆಟ್ಟಗೆ ನಡೆಯುತ್ತಾರೆ ಎಂದರು. ಉಳಿದ ಮೂವರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಎರಡು ವರ್ಷ ತುಂಬುವ ಮೊದಲೇ ಆಗಬೇಕು, ನಡೆದಷ್ಟೂ ಮೂಳೆ ತಪ್ಪು ಜಾಗದಲ್ಲೇ ಮನೆ ಮಾಡಿಕೊಳ್ಳುತ್ತದೆ ಎಂದು ಎರಡೆರಡು ಸಲ ಹೇಳಿದರು. ಅವಳಿಗೆ ಎರಡು ತುಂಬುವುದು ಏಪ್ರಿಲ್‌ಗೆ. ನಿಮ್ಮ ಉತ್ತರ ಬರುವುದೂ ಏಪ್ರಿಲ್‌ಗೇ.

ತಂತಿ ಕೊಡೋಣವೆಂದು ನಿಮ್ಮ ಕಚೇರಿಗೆ ಹೋಗಿದ್ದೆ. ಠಾಣೆಯ ನಿಸ್ತಂತು ಯಂತ್ರ ಇರುವುದು ಗಾಳಿ, ಮಳೆಯ ಅಂಕಿಗಳಿಗೆ ಮಾತ್ರ, ಮನೆಯ ಸುದ್ದಿಯಲ್ಲಿ ಸಾವಿಗೊಂದೇ ವಿನಾಯಿತಿ ಎಂದರು. "ನಿಮ್ಮ ಮಗು ಚೆನ್ನಾಗಿದೆಯಲ್ಲಮ್ಮ, ಅದೇ ಅದೃಷ್ಟ" ಎಂದ ಆ ಗುಮಾಸ್ತ. ಒಳ್ಳೆಯ ಮನುಷ್ಯ, ಚಹಾ ಕೊಟ್ಟ.

ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಮನೆಯ ಯಜಮಾನರ ಹೆಸರಿನ ಮುದ್ರೆ ಬೇಕು, ತಾಯಿಯ ಸಹಿ ನಡೆಯುವುದಿಲ್ಲ. ನಿಮ್ಮ ಮುದ್ರೆಯನ್ನು ನೀವು ಅತ್ತೆಯವರ ಕೈಗೆ ಕೊಟ್ಟು ಹೋಗಿದ್ದೀರಿ. ಅವರು ಈ ಮಾತು ಎತ್ತಿದರೆ ಸಾಕು, ಎದ್ದು ಮೂಲಂಗಿ ತೊಳೆಯಲು ಹೋಗುತ್ತಾರೆ. ನಿಮ್ಮ ತಮ್ಮ ಹನ್ನೊಂದನೇ ವಯಸ್ಸಿಗೆ ಹೊಟ್ಟೆಯ ಆಪರೇಷನ್ನಿಗೆ ಔಷಧ ಮೂಸಿದವನು ಮತ್ತೆ ಏಳಲಿಲ್ಲ ಎಂಬುದನ್ನು ಮದುವೆಯಾದ ಹೊಸತರಲ್ಲಿ ನೀವೇ ನನಗೆ ಹೇಳಿದ್ದಿರಿ. ಅವರು ಒಮ್ಮೆಯೂ ಹೇಳಿಲ್ಲ. "ಹೆಣ್ಣುಮಗು, ಓಡಿ ಎಲ್ಲಿಗೆ ಹೋಗಬೇಕಾಗಿದೆ? ಕುಂಟಿದರೂ ಕಣ್ಣೆದುರು ಇರಲಿ" ಎಂದಷ್ಟೇ ಹೇಳಿದರು.

ಸರಿ, ಈಗ ಪಟ್ಟಿ. ಹೊಸ ವರ್ಷದ ಅಕ್ಕಿಯುಂಡೆ ಸಾರು ಕುಡಿದು ಹೊರಡುವಾಗ ಬಾಗಿಲಲ್ಲಿ ನಿಂತು ನೀವು ಹೇಳಿದ್ದು ಮರೆತಿಲ್ಲ: ವರ್ಷದ ಕೊನೆಗೆ ಜಗತ್ತಿನಲ್ಲಿ ಯಾರ್ಯಾರು ಏನೇನು ಗೆದ್ದರೋ ಎಲ್ಲ ಬರೆ, ಆದರೆ ಗೆದ್ದವರ ಹೆಸರನ್ನು ಮೊದಲೇ ಹೇಳಿ ಊಟಕ್ಕೆ ಮುಂಚೆಯೇ ತಟ್ಟೆ ಎತ್ತಬೇಡ. ಪತ್ರಿಕೆಯ ತುಂಡುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಒಂದೆರಡನ್ನು ನಾಮಿ ತಿಂದಿದ್ದಾಳೆ. ಫ್ರಾನ್ಸಿನ ಸೈಕಲ್ ಪಂದ್ಯ ಅವಳ ಹೊಟ್ಟೆಯಲ್ಲಿದೆ. ಫ್ರಾನ್ಸಿನವನೇ ಗೆದ್ದ ಎಂಬುದಷ್ಟೇ ನೆನಪು.

ನೀವು ಹಡಗು ಹತ್ತಿದ್ದೇ ತಡ, ಸುಮೊ ಜಟ್ಟಿಗಳು ತಮ್ಮ ಸಂಘದ ಮೇಲೆ ಮುನಿಸಿಕೊಂಡು ಗುಂಪುಗುಂಪಾಗಿ ಹೊರನಡೆದರು. ಕೆಲವರು ಜುಟ್ಟನ್ನೇ ಕತ್ತರಿಸಿಕೊಂಡರು. ಜನವರಿಯ ಪಂದ್ಯ ಫೆಬ್ರವರಿಗೆ ಹೋಯಿತು. ಉಳಿದವರಲ್ಲಿ ಶಿಮಿಜುಗಾವಾ ಎಂಟಕ್ಕೆ ಎಂಟೂ ಗೆದ್ದ. ಅತ್ತೆಯವರು ಮಾತ್ರ ಒಪ್ಪಲಿಲ್ಲ. "ಅರ್ಧ ಮನೆ ಖಾಲಿಯಾದ ಮೇಲೆ ಯಾರು ಬೇಕಾದರೂ ಯಜಮಾನಿಕೆ ಮಾಡಬಹುದು" ಎಂದರು. ಇಂಗ್ಲೆಂಡಿನ ಟೆನಿಸ್‌ನಲ್ಲಿ ನಮ್ಮ ಸಾತೋ ಹೋದ ವರ್ಷ ಗೆದ್ದವನನ್ನೇ ಹೊಡೆದು ಉರುಳಿಸಿದ. ಆ ಸುದ್ದಿ ಓದಿ ನಾನು ಅನ್ನ ಹೊತ್ತಿಸಿದೆ. ಮುಂದಿನ ಆಟದಲ್ಲಿ ಅಲ್ಲಿನ ಆಸ್ಟಿನ್ ಎಂಬವನಿಗೆ ಸೋತ. ಆ ಆಸ್ಟಿನ್ ಕೊನೆಯ ಆಟದಲ್ಲಿ ಅಮೆರಿಕದ ವೈನ್ಸ್ ಎಂಬ ಹುಡುಗನಿಗೆ ಸೋತ, ಅದೂ ಕೊನೆಯ ಸೆಟ್‌ನಲ್ಲಿ ಸೊನ್ನೆ. ಮುಷ್ಟಿಯುದ್ಧದ ಭಾರೀ ತೂಕದಲ್ಲಿ ಜರ್ಮನಿಯವನ ಪಟ್ಟ ಅಮೆರಿಕದ ಶಾರ್ಕಿಗೆ ಹೋಯಿತು. ತೀರ್ಪುಗಾರರೇ ಇಬ್ಬಾಗವಾಗಿದ್ದರಂತೆ. ಅವರ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕಿನವರು ನಾಲ್ಕಕ್ಕೆ ನಾಲ್ಕು, ಎದುರಾಳಿಗೆ ಒಂದನ್ನೂ ಬಿಡದೆ.

ಇನ್ನು ಲಾಸ್ ಏಂಜಲಿಸ್ ಒಲಿಂಪಿಕ್ಸ್. ಇದನ್ನು ನೀವು ಕೇಳಬೇಕಿತ್ತು. ಮೈದಾನದಿಂದ ನೇರವಾಗಿ ಪ್ರಸಾರ ಮಾಡಲು ಅಲ್ಲಿ ಅಪ್ಪಣೆ ಸಿಗಲಿಲ್ಲವಂತೆ. ಅದಕ್ಕೆ ನಮ್ಮ ರೇಡಿಯೋದವರು ಪಂದ್ಯ ನೋಡಿ, ಕಾರು ಹತ್ತಿ ಸ್ಟುಡಿಯೋಕ್ಕೆ ಓಡಿ ಬಂದು, ಈಗ ತಾನೇ ಕಣ್ಣೆದುರು ನಡೆಯುತ್ತಿದೆಯೇನೋ ಎಂಬಂತೆ ಕೂಗಿ ಕೂಗಿ ಹೇಳುತ್ತಿದ್ದರು. ಇಲ್ಲಿಗೆ ಮಧ್ಯಾಹ್ನದ ಊಟದ ಹೊತ್ತು. ಬೀದಿಯ ಹೆಂಗಸರೆಲ್ಲ ಅಕ್ಕಿ ಅಂಗಡಿಯ ಮಾಶಿಕೊ ಅವರ ರೇಡಿಯೋ ಮುಂದೆ. ನೂರು ಮೀಟರ್ ಓಟವನ್ನು ರೇಡಿಯೋದ ಆ ಮನುಷ್ಯ ನೆನಪಿನಿಂದ ಎಷ್ಟು ಎಳೆದನೆಂದರೆ ಒಂದು ನಿಮಿಷ ದಾಟಿಹೋಯಿತು. ಮಾಶಿಕೊ ಅವರು ಅಕ್ಕಿಮೂಟೆಯ ಮೇಲೆ ಹತ್ತಿ ನಿಂತು "ಓಡಪ್ಪಾ, ನಿನ್ನ ಕಾಲು ಹಿಡ್ಕೋತೀನಿ" ಎನ್ನುತ್ತಿದ್ದರು. ಅವರ ಹೆಂಡತಿ "ಕಾಲು ಹಿಡ್ಕೊಂಡ್ರೆ ಅವನು ಓಡೋದು ಹೇಗ್ರೀ?" ಎಂದರು. ನಮ್ಮ ಅತ್ತೆಯವರು, "ಹತ್ತು ಸೆಕೆಂಡಿನ ಓಟ ಅಂತೀರಿ, ನಾನು ಇಷ್ಟು ಹೊತ್ತಿಗೆ ನಲ್ಲಿಗೆ ಹೋಗಿ ನೀರು ತಂದಿರ್ತಿದ್ದೆ" ಎಂದರು. ನಮ್ಮ ಓಟಗಾರ ಆರನೆಯವನಾಗಿ ಬಂದ. ಆದರೂ ಕೊನೆಯ ಸುತ್ತಿಗೆ ಹೋದನಲ್ಲ ಎಂದು ಮಾಶಿಕೊ ಅವರು ಎಲ್ಲರಿಗೂ ಕಲ್ಲಂಗಡಿ ಹೆಚ್ಚಿದರು.

ಈಜಿನಲ್ಲಿ ಮಾತ್ರ ಕಲ್ಲಂಗಡಿ ಸಾಲದೇ ಹೋಯಿತು. ಗಂಡಸರ ಆರು ಸ್ಪರ್ಧೆಗಳಲ್ಲಿ ಐದು ನಮ್ಮವು. ಅಂಗಾತ ಈಜಿನಲ್ಲಿ ಒಂದು, ಎರಡು, ಮೂರು, ಎಲ್ಲ ನಮ್ಮ ಹುಡುಗರೇ. ಸಾವಿರದ ಐನೂರು ಮೀಟರ್ ಗೆದ್ದವನಿಗೆ ಹದಿನಾಲ್ಕೇ ವರ್ಷ. ಮೂರು ನೆಗೆತದ ಜಿಗಿತ ನಮ್ಮದು, ಕುದುರೆ ಹಾರಿಸುವುದು ನಮ್ಮದು. ಹಾಕಿಯಲ್ಲಿ ಬೆಳ್ಳಿ ಬಂತು. ಬೆಳ್ಳಿ ಎಂದು ಹಿಗ್ಗಬೇಡಿ, ಬಂದದ್ದೇ ಮೂರು ತಂಡ. ಹಿಂದೂಸ್ತಾನದವರು ನಮಗೆ ಹನ್ನೊಂದು ಗೋಲು ಹೊಡೆದರು, ನಾವು ಅವರಿಗೆ ಒಂದು. ಅತ್ತೆಯವರು ಆ ಒಂದನ್ನೇ ಹಿಡಿದುಕೊಂಡರು. "ಅದನ್ನ ಹೊಡೆದ ಹುಡುಗನ ತಾಯಿ ಇವತ್ತು ಬೀದಿಯಲ್ಲಿ ಹೇಗೆ ನಡೀತಿರಬೇಕು ನೋಡು" ಎಂದರು. ಅಮೆರಿಕದವರಿಗೆ ಅದೇ ಹಿಂದೂಸ್ತಾನದವರು ಇಪ್ಪತ್ನಾಲ್ಕು ಹೊಡೆದರು ಎಂದು ತಿಳಿದ ಮೇಲೆ ನಮ್ಮ ಬೀದಿಗೆ ಸಮಾಧಾನವಾಯಿತು.

ಹೆಂಗಸರ ಎದೆಯೀಜಿನಲ್ಲಿ ನಮ್ಮ ಹುಡುಗಿ ಎರಡನೆಯವಳಾದಳು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮೊದಲ ಸ್ಥಾನ ಆಸ್ಟ್ರೇಲಿಯಾದವಳಿಗೆ ಹೋಯಿತು. ಪತ್ರಿಕೆ ಓದಿ ಹೇಳುತ್ತಿದ್ದೆ, ಅತ್ತೆಯವರು ನಾಮಿಯ ಬಟ್ಟೆ ಹೊಲಿಯುತ್ತಿದ್ದರು. "ಹತ್ತನೇ ಒಂದು ಭಾಗ ಅಂದ್ರೆ ಎಷ್ಟಮ್ಮ?" ಎಂದು ಕೇಳಿದರು. ಕಣ್ಣು ಮಿಟುಕಿಸುವಷ್ಟೂ ಇಲ್ಲ ಎಂದೆ. "ಅಷ್ಟು ದೂರ ಹೋಗಿ, ಅಷ್ಟು ಈಜಿ, ಪಾಪ. ಅವಳ ತಾಯಿ ಕಳಿಸಿಕೊಟ್ಟಳಲ್ಲ" ಎಂದರು. ಸೂಜಿಗೆ ದಾರ ಪೋಣಿಸಲು ಆವತ್ತು ಅವರಿಗೆ ತುಂಬಾ ಹೊತ್ತು ಹಿಡಿಯಿತು.

ನಿಮ್ಮೂರಿನ ಸುದ್ದಿಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಬೇಕೆಂದೇ. ಮಧ್ಯಮ ಶಾಲೆಗಳ ಬೇಸ್‌ಬಾಲ್. ವಸಂತದಲ್ಲಿ ನಿಮ್ಮ ಮಾತ್ಸುಯಾಮಾ ಹುಡುಗರು ಗೆದ್ದದ್ದನ್ನು ಹಿಂದಿನ ಕಾಗದದಲ್ಲೇ ಬರೆದೆ. ಬೇಸಿಗೆಯಲ್ಲೂ ಕೊನೆಯ ಆಟಕ್ಕೆ ಬಂದರು. ಅತ್ತೆಯವರು ಬೆಳಗ್ಗೆ ನಾಲ್ಕಕ್ಕೆ ಎದ್ದು ಅನ್ನದುಂಡೆ ಕಟ್ಟಿ, ನಮ್ಮೂರ ಹುಡುಗರಿಗೆ ಯಾರೂ ಇಲ್ಲ ಅಂತಾಗಬಾರದು ಎಂದು ನನ್ನನ್ನು ಎಳೆದುಕೊಂಡು ಹೊರಟರು. ನಾಮಿಯನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಹೋದೆ. ಕೋಶಿಯೆನ್ ಮೈದಾನದ ಕಾವಿಗೆ ಕಲ್ಲುಮೆಟ್ಟಿಲ ಮೇಲೆ ಮೀನು ಸುಡಬಹುದಿತ್ತು. ಒಂಬತ್ತು ಸರದಿ ಮುಗಿದರೂ ಸಮ. ಹತ್ತು ಮುಗಿದರೂ ಸಮ. ಅಂಪೈರು ನಮ್ಮ ಹುಡುಗನೊಬ್ಬನನ್ನು ಔಟ್ ಎಂದಾಗ ಅತ್ತೆಯವರು ಛತ್ರಿ ಎತ್ತಿ "ಕಣ್ಣಿಗೆ ಮಿಸೋ ಗೊಜ್ಜು ಮೆತ್ತಿಕೊಂಡಿದ್ದೀಯೇನೋ" ಎಂದು ಕೂಗಿದರು. ನಿಮ್ಮ ತಾಯಿ, ದೇವಸ್ಥಾನದಲ್ಲಿ ಗಂಟೆಯನ್ನೂ ಮೆಲ್ಲಗೆ ಬಾರಿಸುವವರು. ಹನ್ನೊಂದನೆಯದರಲ್ಲಿ ಮುಗಿಯಿತು. ನಾಲ್ಕು ಮೂರು. ಗೆದ್ದದ್ದು ನಗೋಯಾದ ಚೂಕ್ಯೊ. ಮುಂದಿನ ಸಾಲಿನ ಮುದುಕರೊಬ್ಬರು, "ಅಜ್ಜೀ, ಅತ್ತುಬಿಟ್ಟಿರಾ?" ಎಂದು ಕಿಚಾಯಿಸಿದರು. "ಬೆವರು" ಎಂದರು ಅತ್ತೆಯವರು. ನಾಮಿ ನನ್ನ ಬೆನ್ನ ಮೇಲೆ ಕಾಲು ಬಡಿದು ಬಡಿದು ನಗುತ್ತಿದ್ದಳು. ಎರಡೂ ಕಾಲು. ಆಗ ನನಗೆ ಏನೂ ಗೊತ್ತಿರಲಿಲ್ಲ. ಈ ವರ್ಷದಲ್ಲಿ ನಾನು ನೆಮ್ಮದಿಯಾಗಿ ಕಳೆದ ಕೊನೆಯ ದಿನ ಅದೇ ಎನ್ನಿಸುತ್ತದೆ, ನಿಮ್ಮೂರು ಸೋತ ದಿನ.

ನೀವು ಇಲ್ಲಿದ್ದಿದ್ದರೆ ನಾಮಿಯ ವಿಷಯಕ್ಕೆ ಏನು ಹೇಳುತ್ತಿದ್ದಿರಿ? ನಿಮ್ಮ ತಾಯಿಯ ಮುಖ ನೋಡಿ ಬೇಡ ಎನ್ನುತ್ತಿದ್ದಿರೋ, ನನ್ನ ಮುಖ ನೋಡಿ ಹೂಂ ಎನ್ನುತ್ತಿದ್ದಿರೋ? ದಿನಕ್ಕೆ ಹತ್ತು ಸಲ ನಿಮ್ಮ ಪರವಾಗಿ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಅರ್ಧ ದಿನ ನೀವು ಹೂಂ ಎನ್ನುತ್ತೀರಿ, ಇನ್ನರ್ಧ ದಿನ ಮಳೆಮಾಪಕ ನೋಡಲು ಎದ್ದು ಹೋಗುತ್ತೀರಿ.

ನಾಮಿ ಎದ್ದಳು. ನಿಮ್ಮ ಫೋಟೋಗೆ ದಿನವೂ ಅನ್ನ ತಿನ್ನಿಸುತ್ತಾಳೆ, ಮೂಗಿನ ಹತ್ತಿರ ಕಾಗದ ಉಬ್ಬಿದೆ. ಬಿಸಿಲಿಗೆ ಟೋಪಿ ಹಾಕಿಕೊಳ್ಳಿ, ಬಂಡೆಯ ಮೇಲೆ ಒಬ್ಬರೇ ಮೀನು ಹಿಡಿಯಲು ಹೋಗಬೇಡಿ. ಮಾಶಿಕೊ ದಂಪತಿಗಳು ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ, ಅತ್ತೆಯವರ ಆಶೀರ್ವಾದ ಕಾಲುಚೀಲದೊಳಗಿದೆ. ನಿಮ್ಮ ಆಯುಸ್ಸು ಗಟ್ಟಿಯಾಗಿರಲಿ.

ನಿಮ್ಮ
ಮಿಸಾವೊ

ತಾ.ಕ. ಹಡಗಿನ ಕಚೇರಿಯ ಜಗಲಿಯಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ, ಟಪಾಲು ಚೀಲ ಕಟ್ಟುತ್ತಿದ್ದಾರೆ. ಮೇಲೆ ಬರೆದದ್ದನ್ನು ಓದಿದರೆ ಇನ್ನೂ ಏನೂ ತೀರ್ಮಾನವಾಗಿಲ್ಲ ಎನ್ನಿಸುತ್ತದೆ. ಭಾನುವಾರ ನಿಜ ಬರೆಯಲು ಧೈರ್ಯ ಬರಲಿಲ್ಲ. ತೀರ್ಮಾನ ಹೋದ ಗುರುವಾರವೇ ಆಗಿದೆ. ಅತ್ತೆಯವರು ಸ್ನಾನದ ಮನೆಗೆ ಹೋಗಿದ್ದಾಗ ಗತಿಸಿದ ಹಿರಿಯರ ಪೂಜಾಪೀಠದ ಡ್ರಾಯರಿನಿಂದ ನಿಮ್ಮ ಮುದ್ರೆ ತೆಗೆದೆ. ಕೆಂಪು ಶಾಯಿ ಒಣಗಿ ಬಿರುಕು ಬಿಟ್ಟಿತ್ತು. ಎಂಜಲು ಹಚ್ಚಿ ತಿಕ್ಕುತ್ತಾ ಕೂತಿದ್ದೆ, ಕಣ್ಣೆತ್ತಿದರೆ ಬಾಗಿಲಲ್ಲಿ ಅತ್ತೆಯವರು, ತಲೆಯಿಂದ ನೀರು ಸೋರುತ್ತಿದೆ. ಹಾಗೇ ತಿರುಗಿ ಹೊರಗೆ ಹೋದರು. ಮುಗಿಯಿತು ಅಂದುಕೊಂಡೆ. ಮಾಶಿಕೊ ಅವರ ಅಂಗಡಿಯ ಲೆಕ್ಕದ ಮೇಜಿನಿಂದ ಹಸಿ ಶಾಯಿಯ ಡಬ್ಬಿ ಕೇಳಿ ತಂದು ನನ್ನ ಮುಂದಿಟ್ಟು, "ಒಣ ಮುದ್ರೆ ಒತ್ತಿದರೆ ವಾಪಸು ಕಳಿಸ್ತಾರೆ" ಎಂದು ಮೂಲಂಗಿ ತೊಳೆಯಲು ಹೋದರು. ಅವಸರದಲ್ಲಿ ಒತ್ತಿ ನಿಮ್ಮ ಹೆಸರು ತಲೆಕೆಳಗಾಗಿ ಬಿತ್ತು. ಆಸ್ಪತ್ರೆಯ ಗುಮಾಸ್ತ ಹುಬ್ಬೇರಿಸಿ, "ಮುದ್ರೆ ತಲೆಕೆಳಗಿದೆ, ಯಜಮಾನರಿಗೆ ಮನಸ್ಸಿಲ್ವಾ?" ಎಂದು ಕೇಳಿದ. ನನಗಿಂತ ಮೊದಲು ಪಕ್ಕದಿಂದ ಉತ್ತರ ಬಂತು: "ನನ್ನ ಮಗ ಚಿಕ್ಕಂದಿನಿಂದ ಹಾಗೇ, ಚಪ್ಪಲಿನೂ ಎಡಬಲ ಮಾಡ್ಕೊಂಡೇ ಹಾಕ್ಕೊಳ್ಳೋನು." ಮೂಳೆ ಕೂರಿಸುವುದು ಜನವರಿ ಐದಕ್ಕೆ ಎಂದು ಗೊತ್ತು ಮಾಡಿದ್ದಾರೆ. ನೀವು ಇದನ್ನು ಓದುವ ಹೊತ್ತಿಗೆ ಅವಳು ಎದ್ದಿರುತ್ತಾಳೆ. ಎದ್ದಿರುತ್ತಾಳೆ ಎಂದೇ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಏಪ್ರಿಲ್ ಕಾಗದದಲ್ಲಿ ನನ್ನೊಬ್ಬಳನ್ನೇ ಬೈಯಿರಿ. ಅತ್ತೆಯವರಿಗೆ ಇದ್ಯಾವುದೂ ಗೊತ್ತಿಲ್ಲ. ಹಾಗೆಂದು ಬರೆಯಬೇಕೆಂದು ಅವರೇ ಹೇಳಿದ್ದಾರೆ, ಪಕ್ಕದಲ್ಲೇ ನಾಮಿಯನ್ನು ಎತ್ತಿಕೊಂಡು ಕೂತಿದ್ದಾರೆ, ಬರೆದೆಯಾ ಎಂದು ಕೇಳುತ್ತಿದ್ದಾರೆ.